ಉಶ್ಶಪ್ಪನ ಸಬ್‌ಮರೀನು ಬಿರುಕು ಬಿಟ್ಟಿದ್ದು

ಉಶ್ಶಪ್ಪನಿಗೆ ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತು. ಅದು ಕಚೇರಿಯ ಕಾಗದಗಳಲ್ಲಿ ಭದ್ರವಾಗಿತ್ತೇ ಹೊರತು ಯಾರ ನಾಲಗೆಯ ಮೇಲೂ ಇರಲಿಲ್ಲ. ಸಾರ್ವಜನಿಕ ಗ್ರಂಥಾಲಯದ ಓದುವ ಕೋಣೆಯಲ್ಲಿ ಮೇಜಿನ ಹಿಂದೆ ಕೂತು, ಯಾರಾದರೂ ಕುರ್ಚಿ ಎಳೆದರೆ, ಕೆಮ್ಮಿದರೆ, ಹಾಳೆಯನ್ನು ತುಸು ಜೋರಾಗಿ ಮಗುಚಿದರೆ "ಉಶ್!" ಎನ್ನುವುದು ಅವನ ಉದ್ಯೋಗ. ಇಷ್ಟು ವರ್ಷ ಉಶ್ ಉಶ್ ಎಂದದ್ದಕ್ಕೆ ಮೇಲಿನವರು ಸಂಬಳ ಕೊಟ್ಟರು, ಊರವರು ಈ ಹೆಸರು ಕೊಟ್ಟರು. ಎರಡನ್ನೂ ಅವನು ತುಟಿ ಪಿಟಕ್ಕೆನ್ನದೆ ತೆಗೆದುಕೊಂಡ.

ಆಫೀಸಿನ ಮೌನವನ್ನು ಮನುಷ್ಯ ಆಫೀಸಿನಲ್ಲೇ ಬಿಟ್ಟು ಬರಬೇಕು. ಇವನು ಖಾಲಿ ಊಟದ ಡಬ್ಬಿಯ ಜೊತೆ ಅದನ್ನೂ ಮನೆಗೆ ತರುತ್ತಿದ್ದ. ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಇಡೀ ದಿನ ಮಷೀನಿನ ಮುಂದೆ ಕೂತವಳಿಗೆ ಸಂಜೆಯಾದರೆ ಮನುಷ್ಯರ ದನಿ ಬೇಕು. "ಇವತ್ತೇನಾಯ್ತು ಲೈಬ್ರರೀಲಿ?" ಎಂದರೆ "ಹ್ಞೂಂ." "ಈ ಅಂಗಿಗೆ ಈ ಗುಂಡಿ ಒಪ್ಪುತ್ತಾ?" ಎಂದರೆ "ಹ್ಞೂಂ." "ಮನೆಗೆ ಬೆಂಕಿ ಬಿದ್ದಿದೆ ಕಣ್ರೀ," ಎಂದರೂ "ಹ್ಞೂಂ." ಈ ಮೂರನೆಯ ಹ್ಞೂಂ ಆದ ಮರುದಿನ ಅವಳು ಮಷೀನಿಗೆ ಹೊದಿಕೆ ಹೊದಿಸಿ, ಚೀಲ ತುಂಬಿಕೊಂಡು ತವರಿಗೆ ಹೊರಟುಬಿಟ್ಟಳು.

"ನಾನೇನು ಗೋಡೆ ಜೊತೆ ಸಂಸಾರ ಮಾಡೋಕೆ ಬಂದವಳಲ್ಲ," ಎಂದಳು ಬಾಗಿಲಲ್ಲಿ ನಿಂತು. "ಬಾಯಿ ಅನ್ನೋದು ಇದೆ ಅಂತ ಯಾವತ್ತಾದ್ರೂ ನೆನಪಾದ್ರೆ ಹೇಳಿ ಕಳಿಸಿ. ಬರೋದಾ ಬೇಡವಾ ಅಂತ ಆಗ ಯೋಚನೆ ಮಾಡ್ತೀನಿ."

ಉಶ್ಶಪ್ಪನಿಗೆ ಹೇಳುವುದು ಬೇಕಾದಷ್ಟಿತ್ತು. ಹೋಗಬೇಡ ಎನ್ನಬೇಕಿತ್ತು, ತಪ್ಪಾಯಿತು ಎನ್ನಬೇಕಿತ್ತು. ಎಲ್ಲವೂ ಗಂಟಲವರೆಗೆ ನೂಕುನುಗ್ಗಲಿನಲ್ಲಿ ಬಂದವು. ಬಾಯಿಯಿಂದ ಹೊರಬಿದ್ದದ್ದು ಮಾತ್ರ "ಹ್ಞೂಂ."

ಅವಳು ಹೋದ ಮೇಲೆ ಅವನಿಗೊಂದು ವಿಚಿತ್ರ ಅನುಭವವಾಯಿತು. ಜೀವಮಾನವಿಡೀ ನಿಶ್ಶಬ್ದಕ್ಕಾಗಿ ಹೋರಾಡಿದವನಿಗೆ ಈಗ ಮನೆ ತುಂಬ ನಿಶ್ಶಬ್ದ ಸಿಕ್ಕಿತ್ತು, ಅದು ಅವನಿಗೆ ಒಂದಿಷ್ಟೂ ಹಿಡಿಸಲಿಲ್ಲ. ಹೆಂಡತಿಗೆ ಫೋನು ಮಾಡಿದ. ಅವಳು "ಹಲೋ" ಎಂದಳು. ಇವನು ಉಸಿರಾಡಿದ. ಅವಳು "ಯಾರದು, ಬರೀ ಉಸಿರು ಬಿಡ್ತಿರೋದು?" ಎಂದು ಗದರಿದ ಕೂಡಲೇ ಹೆದರಿ ಇಟ್ಟುಬಿಟ್ಟ. ಆಮೇಲೆ ಮಾಡುವುದಕ್ಕೇನೂ ತೋಚದೆ ಮೂಲೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಕೂತ.

ಅದು ಗ್ರಂಥಾಲಯ ಹೊರಹಾಕಿದ ಹಳೆಯ ಕಂಪ್ಯೂಟರು. ಅದರೊಳಗೆ ಯಾರೋ ಪುಣ್ಯಾತ್ಮರು ಒಂದು ಸಬ್‌ಮರೀನ್ ಆಟ ಹಾಕಿಟ್ಟಿದ್ದರು. ಉಶ್ಶಪ್ಪನಿಗೆ ಅದು ಮೊದಲ ನೋಟಕ್ಕೇ ಹಿಡಿಸಿಬಿಟ್ಟಿತು. ನೀರಿನಡಿಯಲ್ಲಿ ಒಂದು ಲೋಹದ ಕೊಳವೆ, ಅದರೊಳಗೆ ಉಸಿರು ಬಿಗಿಹಿಡಿದ ಒಂದಿಷ್ಟು ಜನ. ಮೇಲೆ ಶತ್ರುವಿನ ದೊಡ್ಡ ಯುದ್ಧದ ಹಡಗು, ಆಟದ ಭಾಷೆಯಲ್ಲಿ ಡೆಸ್ಟ್ರಾಯರು, ಕಿವಿಗೊಟ್ಟು ಸುತ್ತುತ್ತಿರುತ್ತದೆ. ಯಾರು ಸದ್ದು ಮಾಡಿದರೋ ಅವರು ಕೆಟ್ಟರು. ಓದುವ ಕೋಣೆಗೆ ಇದಕ್ಕಿಂತ ಹತ್ತಿರದ ಆಟ ಈ ಪ್ರಪಂಚದಲ್ಲಿ ಇನ್ನೊಂದಿರಲಿಕ್ಕಿಲ್ಲ.

ಆದರೆ ಅದರ ಸದ್ದುಗಳು ಮಾತ್ರ ಶುದ್ಧ ದಂಡ. ಕಳ್ಳರನ್ನು ಹಿಡಿದು ಹಿಡಿದು ಪೊಲೀಸರಿಗೆ ಕಳ್ಳತನದ ಸೂಕ್ಷ್ಮ ತಿಳಿಯುವ ಹಾಗೆ ಉಶ್ಶಪ್ಪನಿಗೂ ಸದ್ದಿನ ಸೂಕ್ಷ್ಮ ತಿಳಿದಿತ್ತು. ಎಂಜಿನ್ನು ಮಿಕ್ಸಿಯ ಹಾಗೆ ಕಿರುಚುತ್ತಿತ್ತು. ಕಬ್ಬಿಣದ ಗೋಡೆ ನೀರಿನ ಭಾರಕ್ಕೆ ನರಳಬೇಕಾದಲ್ಲಿ ಯಾರೋ ಬಲೂನು ಉಜ್ಜಿದ ಹಾಗಿತ್ತು. ಇನ್ನು ಒಳಗಿದ್ದ ನಾವಿಕರೋ, ಯಾವುದೋ ದೇಶದ ಭಾಷೆಯಲ್ಲಿ ಬೊಬ್ಬೆ ಹೊಡೆಯುತ್ತಿದ್ದರು. ಅವರು ಸಾಯುತ್ತಿದ್ದಾರೋ ಊಟಕ್ಕೆ ಕರೆಯುತ್ತಿದ್ದಾರೋ ತಿಳಿಯುತ್ತಿರಲಿಲ್ಲ.

ಕೆದಕಿ ನೋಡಿದಾಗ ಅವನಿಗೊಂದು ಗುಟ್ಟು ಸಿಕ್ಕಿತು. ಪ್ರತಿಯೊಂದು ಸದ್ದೂ ಬೇರೆ ಬೇರೆ ಫೈಲಾಗಿ ಒಂದೇ ಕಡೆ ಕೂತಿತ್ತು. ಹಳೆಯದನ್ನು ತೆಗೆದು ಅದೇ ಹೆಸರಿನಲ್ಲಿ ಹೊಸದನ್ನಿಟ್ಟರೆ ಆಟಕ್ಕೆ ಗೊತ್ತೇ ಆಗುವುದಿಲ್ಲ. ಅಂದಿನಿಂದ ಉಶ್ಶಪ್ಪ ಫೋನು ಹಿಡಿದುಕೊಂಡು ಸದ್ದಿನ ಬೇಟೆಗೆ ಹೊರಟ.

ಎಂಜಿನ್ನು ಸುಲಭವಾಗಿ ಸಿಕ್ಕಿತು. ಅವನ ಮೇಲಧಿಕಾರಿ, ಅಂದರೆ ಮುಖ್ಯ ಗ್ರಂಥಪಾಲಕರು, ಮಧ್ಯಾಹ್ನದ ಊಟವಾದ ಮೇಲೆ ಬಾಗಿಲು ಹಾಕಿಕೊಂಡು ಗಹನವಾದ ಆಡಳಿತ ಚಿಂತನೆಯಲ್ಲಿ ತೊಡಗುತ್ತಿದ್ದರು. ಆ ಚಿಂತನೆ ಬಾಗಿಲು ದಾಟಿ ಕಾರಿಡಾರಿನವರೆಗೆ ಕೇಳುತ್ತಿತ್ತು. ಉಶ್ಶಪ್ಪ ಬೀಗದ ಕಂಡಿಗೆ ಫೋನು ಹಿಡಿದ. ಎಂಥ ಗಂಭೀರ ಗೊರಕೆ! ಎಂಥ ಲಯ! ಅದನ್ನು ಆಟಕ್ಕೆ ಹಾಕಿದಾಗ ಸಬ್‌ಮರೀನಿಗೆ ನಿಜವಾದ ಜೀವ ಬಂತು.

ಕಬ್ಬಿಣದ ನರಳಾಟಕ್ಕೆ ಅವನು ಆರಿಸಿಕೊಂಡದ್ದು ಎದುರುಮನೆಯ ಗೇಟನ್ನು. ಆ ಮನೆಯಲ್ಲಿ ನಿವೃತ್ತ ಪೋಸ್ಟ್‌ಮಾಸ್ಟರೂ ಅವರ ಹೆಂಡತಿಯೂ ಇದ್ದರು. ಇಬ್ಬರಿಗೂ ಈಗ ಬಟವಾಡೆ ಮಾಡುವುದಕ್ಕೆ ಟಪಾಲಿರಲಿಲ್ಲ, ಹಾಗಾಗಿ ಸುದ್ದಿ ಬಟವಾಡೆ ಮಾಡುತ್ತಿದ್ದರು. ಉಶ್ಶಪ್ಪ ಒಂದು ಸಂಜೆ ಹೋಗಿ ಗೇಟಿನ ಕೀಲಿನ ಪಕ್ಕ ಫೋನಿಟ್ಟು, ಗೇಟನ್ನು ಮೆಲ್ಲಗೆ ತೆರೆದ, ಮೆಲ್ಲಗೆ ಮುಚ್ಚಿದ. ಸಮಾಧಾನವಾಗಲಿಲ್ಲ. ಮತ್ತೆ ತೆರೆದ, ಮತ್ತೆ ಮುಚ್ಚಿದ. ಕಿಟಕಿಯ ಹಿಂದೆ ಆಗಲೇ ಎರಡು ತಲೆಗಳು ಮೂಡಿದ್ದವು.

"ಒಳಗೆ ಬಂದ್ರು," ಎಂದರು ಪೋಸ್ಟ್‌ಮಾಸ್ಟರು. "ಇಲ್ಲ, ಹೋದ್ರು. ಅರೆ, ಮತ್ತೆ ಬಂದ್ರಲ್ಲ!"

"ಗೇಟಿಗೆ ತಲೆ ಕೊಟ್ಕೊಂಡು ನಿಂತಿದಾರಲ್ರೀ," ಎಂದರು ಹೆಂಡತಿ. "ಹೆಂಡ್ತಿ ಹೋಗಿ ಇಷ್ಟು ದಿನ ಆಯ್ತು. ಪಾಪ, ಏನೋ ಹೇಳ್ಕೊಳ್ಳೋಕೆ ಬಂದು ಬಾಯಿ ಬರ್ತಿಲ್ಲ. ಹೋಗಿ ಕೇಳಬಾರದಾ?"

ಪೋಸ್ಟ್‌ಮಾಸ್ಟರು ಚಪ್ಪಲಿ ಮೆಟ್ಟಿಕೊಂಡು ಹೊರಬಂದು, "ಏನು ಸ್ವಾಮಿ, ಏನು ವಿಷಯ?" ಎಂದರು. ಆ ಹೊತ್ತಿಗೆ ಗೇಟು ಅದ್ಭುತವಾಗಿ ನರಳುತ್ತಿತ್ತು. ಉಶ್ಶಪ್ಪ ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟು "ಉಶ್!" ಎಂದು ಫೋನನ್ನು ಎದೆಗವಚಿಕೊಂಡು ಓಡಿಹೋದ.

ಪೋಸ್ಟ್‌ಮಾಸ್ಟರು ಒಳಗೆ ಬಂದು ಭಾರವಾದ ದನಿಯಲ್ಲಿ ವರದಿ ಒಪ್ಪಿಸಿದರು. "ಯಾರಿಗೂ ಹೇಳಬೇಡಿ ಅಂದ್ರು ಕಣೇ. ವಿಷಯ ದೊಡ್ಡದೇ ಇದೆ."

ಉಳಿದದ್ದು ನಾವಿಕರ ಕೂಗು. ಅದನ್ನು ತಾನೇ ಕೂಗಿ, ತನ್ನ ಭಾಷೆಯಲ್ಲೇ ಕೂಗಿ ಹಾಕಬೇಕೆಂದು ಉಶ್ಶಪ್ಪ ನಿಶ್ಚಯಿಸಿದ. ಕೊಳವೆಯೊಳಗಿನ ಗುಂಯ್ ಎನ್ನುವ ನಾದ ಬೇಕಲ್ಲ, ಅದಕ್ಕೆ ಬಚ್ಚಲುಮನೆ ಸೇರಿಕೊಂಡ. ನೀರು ನುಗ್ಗುವ ಸದ್ದಿಗೆ ನಲ್ಲಿಯನ್ನು ಪೂರ್ತಿ ತಿರುಗಿಸಿದ. ಮೊದಲ ಕೂಗು ಇಲಿಮರಿಯ ಕೂಗಿನಷ್ಟೇ ಬಂತು. ಜೋರಾಗಿ ಕೂಗಿ ಅಭ್ಯಾಸವೇ ಇಲ್ಲ, ಪಾಪ. ಎರಡನೆಯದು ಸ್ವಲ್ಪ ದಪ್ಪವಾಯಿತು. ಆಮೇಲೆ ಒಳಗೆ ಯಾವುದೋ ಅಡ್ಡಗಟ್ಟೆ ಒಡೆದಂತಾಗಿ ಅವನ ಗಂಟಲು ತೆರೆದುಕೊಂಡಿತು.

"ಒತ್ತಡ ಜಾಸ್ತಿ ಆಗ್ತಿದೆ! ಬಿರುಕು ಬಿಟ್ಟಿದೆ! ಬಿರುಕು ಬಿಟ್ಟಿದೆ! ಇನ್ನು ತಡೆಯೋಕಾಗಲ್ಲ, ಎಲ್ಲಾ ಮುಳುಗಿಹೋಯ್ತು!"

'ಬಿರುಕು' ಎನ್ನುವಲ್ಲಿ ಸಂಕಟ ಸಾಲದು ಎನಿಸಿತು. ಅದೊಂದನ್ನೇ ಸಿಟ್ಟಿನಿಂದ ಹೇಳಿದ, ನಡುಗುತ್ತ ಹೇಳಿದ, ಬಿಕ್ಕಿ ಬಿಕ್ಕಿ ಅಳುತ್ತ ಹೇಳಿದ. ಅಳುತ್ತ ಹೇಳಿದ್ದೇ ಚೆನ್ನಾಗಿ ಬಂತು. ನಿಜ ಹೇಳಬೇಕೆಂದರೆ ಅದರಲ್ಲಿ ಅರ್ಧ ಅಭಿನಯವಾಗಿರಲಿಲ್ಲ.

ಬಚ್ಚಲಿನ ಗವಾಕ್ಷಿ ನೇರವಾಗಿ ಎದುರುಮನೆಯ ಕಡೆಗೇ ಇತ್ತು. ಪೋಸ್ಟ್‌ಮಾಸ್ಟರರ ಹೆಂಡತಿ ಜಗುಲಿಯಿಂದ ಒಳಗೆ ಓಡಿದರು. "ರೀ! ಸಂಸಾರ ಬಿರುಕು ಬಿಟ್ಟಿದೆಯಂತೆ! ಅವರ ಬಾಯಲ್ಲೇ ಕೇಳಿದೆ. ನಮಗೆ ಕೇಳಿಸಬಾರದು ಅಂತ ನಲ್ಲಿ ಬಿಟ್ಕೊಂಡು ಅಳ್ತಿದಾರೆ ಕಣ್ರೀ!"

ಮರುದಿನ ಪೋಸ್ಟ್‌ಮಾಸ್ಟರು ಪೇಪರು ಓದಲು ಗ್ರಂಥಾಲಯಕ್ಕೆ ಹೋದವರು, ಪೇಪರನ್ನು ಮುಟ್ಟದೆ ನೇರವಾಗಿ ಮುಖ್ಯ ಗ್ರಂಥಪಾಲಕರ ಕೋಣೆಗೆ ಹೋದರು. ಸ್ವಲ್ಪ ಹೊತ್ತಿಗೆ ಉಶ್ಶಪ್ಪನಿಗೆ ಕರೆ ಬಂತು. ಮುಖ್ಯ ಗ್ರಂಥಪಾಲಕರು ಎಂದೂ ಇಲ್ಲದ ಅಕ್ಕರೆಯಿಂದ ಕುರ್ಚಿ ತೋರಿಸಿದರು.

"ನೋಡಪ್ಪಾ, ನನಗೆಲ್ಲಾ ಗೊತ್ತಾಗಿದೆ. ಒತ್ತಡ ಜಾಸ್ತಿ ಆಗಿದೆಯಂತೆ?"

ಉಶ್ಶಪ್ಪನ ಮುಖ ಅರಳಿತು. ಸಾಹೇಬರೂ ಈ ಆಟ ಆಡುತ್ತಾರೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. "ಹೌದು ಸಾರ್. ಕೆಳಗೆ ಹೋದ ಹಾಗೆಲ್ಲ ಜಾಸ್ತಿ ಆಗುತ್ತೆ."

"ಬಿರುಕು ದೊಡ್ಡದಾ?"

"ಮೊದಲು ಸಣ್ಣದೇ ಸಾರ್. ನೋಡ್ತಾ ನೋಡ್ತಾ ದೊಡ್ಡದಾಗುತ್ತೆ."

"ಹೇಗಾದ್ರೂ ಮುಚ್ಚೋಕಾಗಲ್ವಾ?"

"ಮೇಲೆ ಬಂದ್ರೆ ಮುಚ್ಚಬಹುದು ಸಾರ್. ಆದರೆ ಮೇಲೆ ಡೆಸ್ಟ್ರಾಯರು ಕಾಯ್ತಾ ಇರುತ್ತಲ್ಲ. ತಲೆ ಎತ್ತಿದ್ರೆ ಬಿಡಲ್ಲ."

ಮುಖ್ಯ ಗ್ರಂಥಪಾಲಕರು ತಮ್ಮ ಅತ್ತೆಯನ್ನು ನೆನೆಸಿಕೊಂಡು ದೀರ್ಘವಾಗಿ ನಿಟ್ಟುಸಿರು ಬಿಟ್ಟರು. "ಗೊತ್ತಾಯ್ತು ಬಿಡಪ್ಪ. ಎಲ್ಲರ ಮನೇಲೂ ಒಂದೊಂದು ಇರುತ್ತೆ," ಎಂದು ಅವನ ಭುಜ ತಟ್ಟಿ ಕಳಿಸಿದರು.

ಸಂಜೆಯ ಹೊತ್ತಿಗೆ ಈ ಮಾತು ಮುಖ್ಯ ಗ್ರಂಥಪಾಲಕರ ಬಾಯಿಂದ ಹೊರಟು ಪೋಸ್ಟ್‌ಮಾಸ್ಟರರ ಮೂಲಕ ಉಶ್ಶಪ್ಪನ ಅತ್ತೆಗೆ ರಿಜಿಸ್ಟರ್ಡ್ ಟಪಾಲಿನಷ್ಟೇ ಜೋಪಾನವಾಗಿ ತಲುಪಿತು. "ಏನಂದ್ರು? ನನ್ನನ್ನ ಡೆಸ್ಟ್ರಾಯರ್ ಅಂದ್ರಾ?" ಎಂದು ಅತ್ತೆ ಫೋನಿನಲ್ಲಿ ಕೂಗಿದ್ದು, ಫೋನಿಲ್ಲದೆಯೂ ಕೇಳಿಸುವಷ್ಟಿತ್ತು. "ಇಷ್ಟು ವರ್ಷ ಹ್ಞೂಂ ಅಂತ ಕೂತಿದ್ದು ಇದಕ್ಕೇನಾ? ಭಾನುವಾರ ಬರ್ತೀವಿ. ಅದೇನು ಬಿರುಕು, ಅದೇನು ಡೆಸ್ಟ್ರಾಯರು, ಒಂದು ಇತ್ಯರ್ಥ ಆಗೇಹೋಗ್ಲಿ. ಕೂಡಿದ್ರೆ ಕೂಡ್ಲಿ, ಇಲ್ಲಾಂದ್ರೆ ನನ್ನ ಮಗಳ ಮಷೀನು ಎತ್ಕೊಂಡು ಬರ್ತೀವಿ!"

ಪೋಸ್ಟ್‌ಮಾಸ್ಟರು ಸುದ್ದಿಯನ್ನು ಉಶ್ಶಪ್ಪನಿಗೆ ಮುಟ್ಟಿಸುವಾಗ ಅವನ ಮನಸ್ಸು ನೋಯದಿರಲಿ ಎಂದು ಮೊನಚನ್ನೆಲ್ಲ ಒರೆಸಿ ತೆಗೆದರು. "ಭಾನುವಾರ ಬೆಳಗ್ಗೆ ಎಲ್ಲರೂ ಬರ್ತಿದಾರೆ ಸ್ವಾಮಿ. ಒಳಗಿರೋದನ್ನೆಲ್ಲ ಎಲ್ಲರ ಮುಂದೆ ಬಿಚ್ಚಿಡಿ. ಮುಚ್ಚಿಡಬೇಡಿ."

"ಎಲ್ಲರೂ ಕೇಳ್ತಾರಾ?"

"ಕೇಳೋಕಂತಾನೇ ಬರ್ತಿರೋದು."

"ಅವಳೂ?"

"ಅವರೂ."

ಉಶ್ಶಪ್ಪನ ಕಣ್ಣು ತುಂಬಿ ಬಂತು. ತಾನು ಗಂಟಲು ಬಿಚ್ಚಿ ಕೂಗಿದ್ದನ್ನು ಅವಳು ಕೇಳಿಬಿಟ್ಟರೆ ಸಾಕು, ಈ ಮನುಷ್ಯನಿಗೂ ದನಿಯಿದೆ ಎಂದು ಅವಳಿಗೆ ಗೊತ್ತಾಗಿಬಿಟ್ಟರೆ ಸಾಕು ಎಂದುಕೊಂಡ. ಅಂದೇ ಹೋಗಿ ಶಾಮಿಯಾನದವನಿಂದ ಎರಡು ದೊಡ್ಡ ಸ್ಪೀಕರು ತಂದ.

ಭಾನುವಾರ ಬಂತು. ಅತ್ತೆ ಮುಂದೆ, ಅವರ ಹಿಂದೆ ಜಿಮ್ ನಡೆಸುವ ಭಾವಮೈದುನ, ಅವನ ಹಿಂದೆ ನೆಲ ನೋಡುತ್ತ ಹೆಂಡತಿ. ಭಾವಮೈದುನ ಬಾಗಿಲಲ್ಲೇ ತೋಳು ಮಡಿಸಿಕೊಂಡ. ಒಂದು ವೇಳೆ ಮಾತು ಕೈ ಮೀರಿದರೆ ಇರಲಿ ಎಂದು ಮುಖ್ಯ ಗ್ರಂಥಪಾಲಕರನ್ನೂ ಕರೆಸಲಾಗಿತ್ತು. ಪೋಸ್ಟ್‌ಮಾಸ್ಟರ್ ದಂಪತಿಗಳು ಎಲ್ಲರಿಗಿಂತ ಮೊದಲೇ ಬಂದು ಮುಂದಿನ ಸಾಲು ಹಿಡಿದಿದ್ದರು. ಮನೆಯೊಳಗೆ ಪರದೆಗಳನ್ನೆಲ್ಲ ಎಳೆದು, ಬಲ್ಬಿಗೆ ಕೆಂಪು ಕಾಗದ ಸುತ್ತಿ, ಕುರ್ಚಿಗಳನ್ನು ಸಾಲಾಗಿ ಹಾಕಲಾಗಿತ್ತು. ಇಂಥ ಪಂಚಾಯಿತಿಯನ್ನು ಅತ್ತೆ ಈ ಮೊದಲು ಕಂಡಿರಲಿಲ್ಲ.

"ಏನು ಅಳಿಯಂದಿರೇ," ಎಂದು ಶುರುಮಾಡಿದರು, "ಎಲ್ಲಿದೆ ಬಿರುಕು?"

"ಬರುತ್ತೆ ಅತ್ತೆ," ಎಂದ ಉಶ್ಶಪ್ಪ ವಿನಯದಿಂದ. "ಸ್ವಲ್ಪ ಕೆಳಗಿಳೀಬೇಕು."

ಅತ್ತೆ ಬಾಯಿ ತೆರೆಯುವಷ್ಟರಲ್ಲಿ ಅವನು ಗುಂಡಿ ಒತ್ತಿದ. ಇಡೀ ಮನೆ ಗೊರಕೆ ಹೊಡೆಯತೊಡಗಿತು.

ಗಾಜಿನ ಲೋಟಗಳು ಅದುರಿದವು. ಪೋಸ್ಟ್‌ಮಾಸ್ಟರು ಬೆಚ್ಚಿ, "ಇದೇನಿದು?" ಎಂದರು. "ಎಂಜಿನ್ನು," ಎಂದ ಉಶ್ಶಪ್ಪ. ಎಲ್ಲರೂ ಕಿವಿಗೊಟ್ಟರು. ಎರಡು ಗೊರಕೆಗಳ ನಡುವೆ ಒಂದು ಸಣ್ಣ ಸಿಳ್ಳೆ, ಆಮೇಲೆ ಒಂದು ಚಪ್ಪರಿಕೆ. ಓದುವ ಕೋಣೆಯಲ್ಲಿ ದಿನಾ ಪೇಪರು ಓದುವ ಪೋಸ್ಟ್‌ಮಾಸ್ಟರರ ಕಣ್ಣು ಮೆಲ್ಲಗೆ ಮುಖ್ಯ ಗ್ರಂಥಪಾಲಕರ ಕಡೆ ಹೊರಳಿತು. ಅವರು ಛಾವಣಿಯನ್ನು ಪರೀಕ್ಷಿಸುತ್ತ, "ಒಳ್ಳೇ ಎಂಜಿನ್ನು ಕಣಪ್ಪಾ. ಯಾವ ಕಂಪನಿಯದು?" ಎಂದರು.

ಸಬ್‌ಮರೀನು ಕೆಳಗಿಳಿಯಿತು. ಕತ್ತಲ ನೀರು ಕವಿಯಿತು. ಎಲ್ಲೋ ಕಬ್ಬಿಣ ಕರುಳು ಕಿವುಚುವ ಹಾಗೆ ನರಳಿತು. ಪೋಸ್ಟ್‌ಮಾಸ್ಟರು ಕುರ್ಚಿಯಿಂದ ಎದ್ದೇ ಬಿಟ್ಟರು. "ನಮ್ಮ ಗೇಟು! ಲೇ, ಇದು ನಮ್ಮ ಗೇಟು ಕಣೇ! ಸಮುದ್ರದ ತಳದಲ್ಲಿ!"

"ಎಣ್ಣೆ ಹಾಕಿ ಅಂತ ಬಡ್ಕೊಂಡಿದ್ದೇ ಬಂತು," ಎಂದರು ಹೆಂಡತಿ.

"ಇನ್ನು ಜನ್ಮದಲ್ಲಿ ಹಾಕಲ್ಲ."

ಅಷ್ಟರಲ್ಲಿ ಸ್ಪೀಕರಿನಿಂದ ಉಶ್ಶಪ್ಪನ ದನಿ ಸಿಡಿಯಿತು. ಒತ್ತಡ ಜಾಸ್ತಿ ಆಗ್ತಿದೆ, ಬಿರುಕು ಬಿಟ್ಟಿದೆ, ಮುಳುಗಿಹೋಯ್ತು. ಪೋಸ್ಟ್‌ಮಾಸ್ಟರರ ಹೆಂಡತಿ ಎದೆಗೆ ಕೈಯಿಟ್ಟುಕೊಂಡರು. "ಇದೇ! ನಾನು ಕೇಳಿದ್ದು ಇದೇ!" ಎಂದವರು, ತೆರೆಯ ಮೇಲೆ ನೀರು ನುಗ್ಗುವುದನ್ನು ನೋಡಿ, ಉಶ್ಶಪ್ಪನನ್ನು ನೋಡಿ, "ಅಯ್ಯೋ ನನ್ನ ಕರ್ಮವೇ," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಬಿರುಕು ಎಲ್ಲಿ ಬಿಟ್ಟಿತ್ತೆಂದು ಒಬ್ಬೊಬ್ಬರಿಗೇ ಹೊಳೆಯತೊಡಗಿತು.

ಅತ್ತೆಯೊಬ್ಬರು ಮಾತ್ರ ಸೋಲೊಪ್ಪಲಿಲ್ಲ. "ಅದಿರಲಿ. ಡೆಸ್ಟ್ರಾಯರ್ ಅಂದ್ರಂತಲ್ಲ, ಅದು ಯಾರು?"

"ಅದೋ, ಬಂತು ನೋಡಿ ಅತ್ತೆ."

ತೆರೆಯ ತುಂಬ ಒಂದು ಭಾರಿ ಹಡಗು ಬಂತು. ಮೈತುಂಬ ಫಿರಂಗಿ, ನೆಟ್ಟಗಿನ ನಡಿಗೆ. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. "ಇದು ಬಂದ್ರೆ ಎಲ್ಲರೂ ಹೆದರ್ತಾರಾ?"

"ಉಸಿರೂ ಬಿಡಲ್ಲ ಅತ್ತೆ."

"ಹಾಗಾ," ಎಂದು ಅತ್ತೆ ಸೆರಗು ಸರಿಪಡಿಸಿಕೊಂಡು ಸುಖವಾಗಿ ಹಿಂದಕ್ಕೊರಗಿದರು. "ದೊಡ್ಡದಾಗೇ ಇದೆ."

ಭಾವಮೈದುನ ಯಾವಾಗಲೋ ತೋಳು ಇಳಿಸಿ ಉಶ್ಶಪ್ಪನ ಪಕ್ಕಕ್ಕೆ ಬಂದು ಕೂತಿದ್ದ. "ಭಾವ, ಬಾಂಬ್ ಹಾಕ್ತಿದಾನೆ, ಎಡಕ್ಕೆ ಎಳೀರಿ, ಎಡಕ್ಕೆ!" ಸಬ್‌ಮರೀನು ತಪ್ಪಿಸಿಕೊಂಡಿತು. ಎಲ್ಲರೂ ಚಪ್ಪಾಳೆ ಹೊಡೆದರು. ನಗು, ಗಲಾಟೆ, ಇನ್ನೊಮ್ಮೆ ಗೇಟು ಹಾಕಿ, ಇನ್ನೊಮ್ಮೆ ಎಂಜಿನ್ನು ಹಾಕಿ. ಆ ಮನೆಯಲ್ಲಿ ಅಷ್ಟು ಸದ್ದು ಎಂದೂ ಆಗಿರಲಿಲ್ಲ.

"ನನ್ನದೆಲ್ಲಿ?"

ಕೇಳಿದ್ದು ಹೆಂಡತಿ. ಅವಳು ನಕ್ಕಿರಲಿಲ್ಲ. ಹೊದಿಕೆ ಹೊದ್ದ ಮಷೀನಿನ ಪಕ್ಕ ನಿಂತೇ ಇದ್ದಳು. "ಗೇಟಿದೆ. ಗೊರಕೆ ಇದೆ. ಅಮ್ಮ ಹಡಗಾಗಿದಾಳೆ. ಈ ಮನೇಲಿ ಇಷ್ಟು ವರ್ಷ ಒಬ್ಬಳೇ ಮಾತಾಡಿದೋಳು ನಾನು. ನನ್ನದೊಂದು ಸದ್ದೂ ನಿಮಗೆ ಬೇಡವಾಯ್ತಾ?"

ಗಲಾಟೆ ತಣ್ಣಗಾಯಿತು. ಪೋಸ್ಟ್‌ಮಾಸ್ಟರು ಪರಿಸ್ಥಿತಿಯನ್ನು ಸುಧಾರಿಸುವ ಒಳ್ಳೆಯ ಉದ್ದೇಶದಿಂದ, "ಅಪಾಯದ ಸೈರನ್ನು ಇನ್ನೂ ಬಾಕಿ ಇದೆಯಲ್ಲ, ಅದಕ್ಕೆ ನಿಮ್ಮ ದನಿ ಹೇಳಿ ಮಾಡಿಸಿದ ಹಾಗಿದೆ," ಎಂದುಬಿಟ್ಟರು. ಭಾವಮೈದುನ ಕಿಸಕ್ಕೆಂದ. ಹೆಂಡತಿಯ ಮುಖ ಕೆಂಪಾಯಿತು. ಅವಳು ಬಗ್ಗಿ ಚೀಲ ಎತ್ತಿಕೊಂಡಳು.

"ಅಲ್ಲ!"

ಬಚ್ಚಲಿನಲ್ಲಿ ಪಳಗಿದ ಗಂಟಲು ಅದು. ಅತ್ತೆ ಕೂಡ ಕೂತಲ್ಲೇ ಹಾರಿಬಿದ್ದರು. ಉಶ್ಶಪ್ಪ ಎದ್ದು ನಿಂತಿದ್ದ. "ಸೈರನ್ನಲ್ಲ," ಎಂದ. "ಅದು... ಬಹಳ ದಿನ ನೀರೊಳಗಿದ್ದು ಮೇಲೆ ಬರ್ತಾರಲ್ಲ, ಆಗ ದಡದಿಂದ ರೇಡಿಯೋದಲ್ಲಿ ಒಂದು ದನಿ ಕರೆಯುತ್ತೆ. ಇನ್ನೂ ಇದೀರಾ ಅಂತ. ಅದು ನಿಂದು. ನೀನಿರಲಿಲ್ಲ. ಬೇರೆ ಯಾರದೂ ಹಾಕೋಕೆ ಮನಸ್ಸು ಬರಲಿಲ್ಲ. ಖಾಲಿ ಬಿಟ್ಟಿದೀನಿ."

ಹೇಳಿದವನೇ ಸಬ್‌ಮರೀನನ್ನು ಮೇಲಕ್ಕೆ ತಂದ. ನೀರು ಸರಿದು ಬೂದುಬಣ್ಣದ ಆಕಾಶ ಕಂಡಿತು. ಮೂಲೆಯಲ್ಲಿ ರೇಡಿಯೋದ ಪುಟ್ಟ ದೀಪ ಮಿಣುಕತೊಡಗಿತು. ದನಿ ಬರಬೇಕಾದಲ್ಲಿ ದನಿಯಿರಲಿಲ್ಲ. ದೀಪ ಮಿಣುಕುತ್ತಲೇ ಇತ್ತು, ಎಲ್ಲರೂ ನೋಡುತ್ತಲೇ ಇದ್ದರು.

ಹೆಂಡತಿ ಚೀಲ ಹಿಡಿದುಕೊಂಡೇ ಹತ್ತಿರ ಬಂದಳು. "ಇಲ್ಲಿ ನಾನೇನನ್ನಬೇಕು?"

"ನಿನ್ನಿಷ್ಟ."

ಅವಳು ಆ ದೀಪದ ಕಡೆಗೆ ಬಾಗಿದಳು. ಆಮೇಲೆ ಮೆಲ್ಲಗೆ, "ಎಲ್ಲಿದೀರ್ರೀ?" ಎಂದಳು.

ಉತ್ತರ ಕೊಡಲು ಆಟದಲ್ಲಿ ಒಂದು ಗುಂಡಿಯಿತ್ತು. ಅಭ್ಯಾಸಬಲದಿಂದ ಉಶ್ಶಪ್ಪನ ಕೈ ಅದರ ಕಡೆಗೆ ಹೋಯಿತು. ಹೆಂಡತಿ ಕೀಬೋರ್ಡನ್ನು ಎತ್ತಿ, ಪಕ್ಕದ ಕುರ್ಚಿಯಲ್ಲಿ ಕೂತು, ಮಡಿಲಲ್ಲಿಟ್ಟುಕೊಂಡಳು. "ಗುಂಡಿ ಒತ್ತೋದು ಬೇಡ. ಬಾಯಲ್ಲಿ ಹೇಳಿ."

ಕೋಣೆಯಲ್ಲಿದ್ದವರೆಲ್ಲ ಮುಂದಕ್ಕೆ ಬಾಗಿದರು. ಆಗಲಿ, ಹೇಳಿಬಿಡು ಎನ್ನುವ ಹಾಗೆ ಅತ್ತೆ ಗದ್ದ ಅಲ್ಲಾಡಿಸಿದರು.

"ಇಲ್ಲೇ ಇದೀನಿ ಕಣೇ," ಎಂದ ಉಶ್ಶಪ್ಪ. "ನೀನು ಹೋದ ದಿನದಿಂದ ಇಲ್ಲೇ ಇದೀನಿ. ಮನೆ ಬಿಕೋ ಅಂತಿತ್ತು. ಊರಲ್ಲಿರೋ ಸದ್ದೆಲ್ಲ ಹಿಡ್ಕೊಂಡು ಬಂದೆ, ಆದರೂ ತುಂಬಲಿಲ್ಲ. ನಿನ್ನ ಮಷೀನಾದ್ರೂ ಓಡಿಸೋಣ ಅಂತ ಹೊದಿಕೆ ತೆಗೆದು ಕೂತೆ. ಒಂದು ಸುತ್ತು ತುಳಿದೆ, ದಾರ ಎಲ್ಲಿಗೋ ಹೋಯ್ತು, ನನ್ನ ಅಂಗಿ ತೋಳು ಸೂಜಿಗೆ ಸಿಕ್ಕಾಕ್ಕೊಳ್ತು. ಎಳೆದರೆ ಬರಲ್ಲ, ತುಳಿದರೆ ಇನ್ನೂ ಒಳಗೆ ಹೋಗುತ್ತೆ. ಎಷ್ಟೋ ಹೊತ್ತು ಹಾಗೇ ಕೂತಿದ್ದೆ. ಆಗ ಬಾಗಿಲು ಯಾರೋ ತಟ್ಟಿದ್ರು..."

ತೆರೆಯ ಮೇಲೆ, ನಡೆಸುವವರಿಲ್ಲದೆ ತೇಲುತ್ತಿದ್ದ ಸಬ್‌ಮರೀನಿನ ಕಡೆಗೆ ಡೆಸ್ಟ್ರಾಯರು ಬಂತು. "ಭಾವ, ಹೊಡೀತಾನೆ! ಅಕ್ಕ, ಕೀಬೋರ್ಡ್ ಕೊಡೇ!" ಎಂದು ಭಾವಮೈದುನ ಒದ್ದಾಡಿದ. ಅವಳು ಕೊಡಲಿಲ್ಲ, ಉಶ್ಶಪ್ಪನೂ ಕೇಳಲಿಲ್ಲ. ಒಂದೇ ಏಟಿಗೆ ಇಡೀ ಸಬ್‌ಮರೀನು ಎಂಜಿನ್ನು, ಗೇಟು ಸಮೇತ ಮುಳುಗಿಹೋಯಿತು.

"ಹೋಗ್ಲಿ ಬಿಡಿ," ಎಂದಳು ಹೆಂಡತಿ, ಚೀಲವನ್ನು ಕೆಳಗಿಡುತ್ತ. "ಬಾಗಿಲು ತಟ್ಟಿದ್ರು. ಆಮೇಲೇನಾಯ್ತು ಹೇಳಿ."